ಆತ ಬಿಡ್ರಿ

೧೯೭೮ನೆಯ ಇಸವಿ, ಸೆಪ್ಟೆಂಬರ್ ಹದಿನೈದು, ಶುಕ್ರವಾರ. ಬೆಳಿಗ್ಗೆ ಎಂಟರ ಹೊತ್ತಿಗೆ ಅಣ್ಣಿಗೇರಿ ಪೊಲೀಸ್ ಠಾಣೆಯ ಮುಂದೆ ಒಬ್ಬ ಮನುಷ್ಯ ಮಳೆಯಲ್ಲಿ ನೆನೆಯುತ್ತ ನಿಂತಿದ್ದ. ಮೊಣಕಾಲಿನ ತನಕ ಎರೆಮಣ್ಣು ಮೆತ್ತಿತ್ತು. ಪಹರೆಯವನು ಎರಡು ಸಲ ಕರೆದರೂ ಮೆಟ್ಟಿಲು ಹತ್ತಲಿಲ್ಲ.

"ಕಾಲ ಕೆಸರ ಅದಾವ್ರಿ," ಅಂದ.

ಸಬ್ ಇನ್‌ಸ್ಪೆಕ್ಟರ್ ಮಡಿವಾಳೆಪ್ಪ ತಾನೇ ಎದ್ದು ಬಾಗಿಲಿಗೆ ಬಂದ. ನಮ್ಮ ಭಾಗದಲ್ಲಿ ಸಬ್ ಇನ್‌ಸ್ಪೆಕ್ಟರ್ ಅಂದರೆ ಯಾರಿಗೂ ತಿಳಿಯುವುದಿಲ್ಲ, ಫೌಜದಾರ ಅನ್ನಬೇಕು. ಫೌಜದಾರ ಮಡಿವಾಳೆಪ್ಪ ಮಿಶ್ರಿಕೋಟಿಯ ಒಕ್ಕಲು ಮನೆಯವನು. ಕೆಸರುಗಾಲಿನವರನ್ನು ಹೊರಗೆ ನಿಲ್ಲಿಸಿ ಮಾತಾಡಿಸುವ ಠೀವಿ ಅವನಿಗೆ ಇನ್ನೂ ಬಂದಿರಲಿಲ್ಲ.

"ಏನಾತು?"

"ನಮ್ಮವ್ವ ಸತ್ಲ್ರಿ. ಗ್ವಾಡಿ ಬಿತ್ತು."

"ಗ್ವಾಡಿ ಬಿದ್ರ ಪರಿಹಾರ ಬರಸಾಕ ತಲಾಠಿ ಕಡೆ ಹೋಗಬೇಕಲ್ಲೋ ತಮ್ಮಾ."

"ಗ್ವಾಡಿ ತಾನ ಬಿದ್ದಿಲ್ರಿ. ಯಾರೋ ಚರಿ ತಿರುವ್ಯಾರ. ಸರಕಾರಿ ಚರಿ."

ಅವನ ಹೆಸರು ಇಮಾಮುದ್ದೀನ, ಊರು ಗುಂಡಗಟ್ಟಿ. ಊರ ಹೊರಗೆ ತಮ್ಮ ಹೊಲದಲ್ಲೇ ಮಣ್ಣಿನ ಮಾಳಿಗೆ ಮನೆ. ಹಿಂದಿನ ಕೋಣೆಯಲ್ಲಿ ತಾಯಿ ರಹೀಮಾಬಿ ಮಲಗುತ್ತಿದ್ದಳು, ಮುಂದೆ ಅವನೂ ಹೆಂಡತಿ ಮಕ್ಕಳೂ. ಗುರುವಾರ ಸಂಜೆ ಉತ್ತರಿ ಮಳೆ ಹಿಡಿಯಿತು. ಬೆಳಗಿನ ಜಾವ ಎದ್ದು ನೋಡಿದರೆ ಹಿತ್ತಿಲಿನಲ್ಲಿ ಎಂದೂ ಬಾರದ ನೀರು ಸೊಂಟದೆತ್ತರ ನಿಂತಿದೆ. ಅಮ್ಮನನ್ನು ಎಬ್ಬಿಸಬೇಕು ಅನ್ನುವಷ್ಟರಲ್ಲಿ ಹಿಂದಿನ ಗೋಡೆ ಒಳಕ್ಕೆ ಕುಸಿಯಿತು. ಇಷ್ಟನ್ನು ಹೇಳುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು.

ಜಮಾದಾರ ಮಹಬೂಬಸಾಬ ಪಿರ್ಯಾದಿ ಬರೆದುಕೊಂಡ. ಇಪ್ಪತ್ತು ವರ್ಷ ಸರ್ವಿಸು ಮಾಡಿದ ಹೆಡ್ ಕಾನ್‌ಸ್ಟೇಬಲ್ಲು ಅವನು. ಬರೆದು ಓದಿ ಹೇಳಿದ: ಯಾರೋ ಅಪರಿಚಿತರು ಸರಕಾರಿ ಬಸಿಗಾಲುವೆಗೆ ಅಡ್ಡ ಒಡ್ಡು ಹಾಕಿ, ಪರವಾನಗಿಯಿಲ್ಲದೆ ಬೇರೆ ಕಡೆಗೆ ಕಡಿದು ನೀರು ತಿರುಗಿಸಿದ್ದರಿಂದ ಪಿರ್ಯಾದಿದಾರನ ಮನೆ ಬಿದ್ದು ತಾಯಿ ಮೃತಪಟ್ಟಿದ್ದಾಳೆ. ಭಾರತ ದಂಡ ಸಂಹಿತೆ ಕಲಂ ೪೩೨, ೩೦೪-ಎ. ಎಫ್‌ಐಆರ್‌ಗೆ ಇಮಾಮುದ್ದೀನ ರುಜು ಹಾಕಿದ. ಶಾಯಿಗಿಂತ ಕೆಸರೇ ಹೆಚ್ಚು ಹತ್ತಿತು.

ಬಸಿಗಾಲುವೆಯ ಕತೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಕೆನಾಲು ಬಂತು, ನೀರು ಬಂತು, ಜನ ಕುಣಿದರು. ಎರಡು ವರ್ಷಕ್ಕೆ ಎರೆಹೊಲದ ತಗ್ಗಿನಲ್ಲೆಲ್ಲ ನೀರು ಜಿನುಗಿ ನೆಲ ಜವಳಾಯಿತು, ಹತ್ತಿಯ ಬೇರು ಕೊಳೆಯಿತು. ಆಗ ಸರಕಾರ ಆ ನೀರನ್ನು ಬಸಿದು ಹಳ್ಳಕ್ಕೆ ಕಳಿಸಲು ಹೊಲಗಳ ನಡುವೆ ಕಾಲುವೆ ಕಡಿಸಿತು. ಜನ ಅದಕ್ಕೆ ಚರಿ ಅಂದರು. ಕಡಿಸಿದ್ದು ಸರಕಾರ, ಆದ್ದರಿಂದ ಅದರ ದಂಡೆಯ ಒಂದು ಹಿಡಿ ಮಣ್ಣು ಆಚೀಚೆ ಮಾಡಬೇಕಾದರೂ ಸರಕಾರದ ಲಿಖಿತ ಅಪ್ಪಣೆ ಬೇಕು.

ಗುಂಡಗಟ್ಟಿಗೆ ಹೋಗುವ ದಾರಿ ಮಳೆಗಾಲದಲ್ಲಿ ದಾರಿಯೇ ಅಲ್ಲ. ಫೌಜದಾರ ಮೋಟರ್ ಸೈಕಲ್ಲನ್ನು ಡಾಂಬರು ರಸ್ತೆಯ ಪಕ್ಕದ ಚಹಾದಂಗಡಿಯಲ್ಲಿ ಬಿಟ್ಟು, ಬೂಟು ಕೈಯಲ್ಲಿ ಹಿಡಿದು ನಡೆದ. ಜಮಾದಾರ ಪಂಚನಾಮೆಯ ಕಾಗದಗಳನ್ನು ಟೋಪಿಯೊಳಗಿಟ್ಟು ಹಿಂದೆ ಬಂದ. ಟೋಪಿ ಸರಕಾರದ್ದು, ಕಾಗದವೂ ಸರಕಾರದ್ದು, ತಲೆ ನೆನೆದರೆ ನೆನೆಯಲಿ ಅನ್ನುವ ಮನುಷ್ಯ.

ರಹೀಮಾಬಿಯನ್ನು ಹೊರಗೆ ಹೊರಸಿನ ಮೇಲೆ ಮಲಗಿಸಿದ್ದರು. ಮೇಲೆ ಹಸಿರು ಚಾದರ. ಡಾಕ್ಟರು ಹೊತ್ತೇರಿ ಬಂದು ಅಲ್ಲೇ ತಟ್ಟಿಯ ಮರೆಯಲ್ಲಿ ಮರಣೋತ್ತರ ಪರೀಕ್ಷೆ ಮುಗಿಸಿದರು. ಪಂಚರಾಗಲು ಇಬ್ಬರು ಬೇಕೆಂದಾಗ ಊರ ಜನ ಹಿಂದೆ ಸರಿದರು. ಬೆರಳುಗಳೆಲ್ಲ ತರಚಿ ರಕ್ತ ಹೆಪ್ಪುಗಟ್ಟಿದ್ದ ಒಬ್ಬ ಮುದುಕ ಮಾತ್ರ ಮುಂದೆ ಬಂದ. ಅವನ ಹೆಸರು ಅಂದಾನೆಪ್ಪ. ಪಕ್ಕದ ಹೊಲದವನು. ಕೂಗು ಕೇಳಿ ಮೊದಲು ಓಡಿ ಬಂದು, ಗೋಡೆಯ ಮಣ್ಣನ್ನು ಬರಿಗೈಯಲ್ಲಿ ಬಗೆದು ರಹೀಮಾಬಿಯನ್ನು ಹೊರತೆಗೆದವನು ಇವನೇ ಎಂದು ಇಮಾಮುದ್ದೀನ ಹೇಳಿದ. ಎರಡನೆಯ ಪಂಚನಾಗಿ ಊರಿನ ಕಂಬಾರ ಬಂದ.

ಮನೆಯಿಂದ ಮೇಲಕ್ಕೆ ನೀರಿನ ಜಾಡು ಹಿಡಿದು ಹೋದರು. ಮನೆಯ ಹಿಂದೆ ಒಂದು ಹಳೆಯ ಸರುವು ಇತ್ತು. ಅಜ್ಜ ಮುತ್ತಜ್ಜರ ಕಾಲದಲ್ಲಿ ಮಳೆನೀರು ಅಲ್ಲೇ ಹರಿಯುತ್ತಿತ್ತಂತೆ. ಈಗ ಅದರಲ್ಲಿ ಕಪ್ಪು ಕಂದು ನೀರು ಇನ್ನೂ ಓಡುತ್ತಿತ್ತು. ಅಂದಾನೆಪ್ಪನ ಹೊಲದ ಮೇಲ್ಬದಿಯಲ್ಲಿ ಸರಕಾರಿ ಚರಿಗೆ ಅಡ್ಡಲಾಗಿ ಹೊಸ ಒಡ್ಡು ಹಾಕಿದ್ದರು. ಅಲ್ಲಿಂದ ಸರುವಿನ ತನಕ ಇಪ್ಪತ್ತು ಮಾರು ಹೊಸ ಚರಿ. ಫೌಜದಾರ ಮಂಡಿಯೂರಿ ನೋಡಿದ. ಕಳ್ಳರ ಕೆಲಸದ ಅವಸರ ಅಲ್ಲಿ ಎಲ್ಲೂ ಇರಲಿಲ್ಲ. ಜಾಲಿಕಂಟಿ ಹಾಸಿ, ಮೇಲೆ ಮಣ್ಣು ಕುಟ್ಟಿ ಕೂರಿಸಿದ ಒಡ್ಡು. ಅಂಚು ನೆಟ್ಟಗೆ ಕಡಿದು ಮಣ್ಣನ್ನು ಒಂದೇ ಬದಿಗೆ ಓರಣವಾಗಿ ಹಾಕಿದ ಚರಿ. ಬಾಯಿಯ ಹತ್ತಿರ ಒಂದು ಕಲ್ಲು. ಕಲ್ಲಿನ ಮಳೆ ತಾಕದ ಬದಿಯಲ್ಲಿ ವಿಭೂತಿಯ ಮೂರು ಬೆರಳಿನ ಗೆರೆ. ಕೆಸರಿನಲ್ಲಿ ತೆಂಗಿನಕಾಯಿಯ ಕರಟ, ಎರಡು ಬಿಲ್ವಪತ್ರಿ.

"ಬರಕೋರಿ ಜಮಾದಾರ್ರ," ಅಂದ ಫೌಜದಾರ. "ಒಂದು ಕಾಯಿ ಕರಟ."

ಆಮೇಲೆ ಎದ್ದು ನಿಂತು ಸೇರಿದವರನ್ನೆಲ್ಲ ನೋಡಿ ಕೇಳಿದ. "ಈ ಚರೀನ ಕಳವಿಲೆ ಕಡದಾಂವ ಯಾರು?"

ಜನ ನೆಲ ನೋಡಿದರು. ಕಂಬಾರ ಆಕಾಶ ನೋಡಿದ. ಅಂದಾನೆಪ್ಪ ಕರಟದ ಕಡೆ ನೋಡುತ್ತಿದ್ದ. ಹಿಂದಿನಿಂದ ಯಾರೋ ಸಣ್ಣ ದನಿಯಲ್ಲಿ, "ಮ್ಯಾಲಿನ ಹೊಲ ಶಿದ್ಲಿಂಗಪ್ಪ ಸಾವಕಾರ್ದು," ಅಂದರು. ಪಂಚನಾಮೆಗೆ ಅಂದಾನೆಪ್ಪ ಅಕ್ಷರ ಕೂಡಿಸಿ ಕೂಡಿಸಿ ತನ್ನ ಹೆಸರು ಬರೆದ.

ಸಾವಕಾರ ಶಿದ್ಲಿಂಗಪ್ಪನ ಹೊಲದ ಬದುವಿನ ಮೇಲೇ ಹಾದು ಅವನ ಮನೆಗೆ ಹೋಗಬೇಕಿತ್ತು. ಅಲ್ಲಿ ಫೌಜದಾರನಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಸಾವಕಾರ ತನ್ನ ಮೆಣಸಿನಕಾಯಿ ಹೊಲದ ನೀರನ್ನೆಲ್ಲ ಬಳಿದು ತಂದು ಸರಕಾರಿ ಚರಿಗೆ ಸುರಿಯಲು ತನ್ನದೇ ಒಂದು ಅಗಲವಾದ ಚರಿ ಕಡಿಸಿಕೊಂಡಿದ್ದ. ಕಲ್ಲು ಕಟ್ಟಿಸಿದ್ದ ಬೇರೆ.

ಸಾವಕಾರ ಪಡಸಾಲೆಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದ.

"ಕೆಳಗಿನ ಒಡ್ಡು ನೀವು ಹಾಕಿಸಿದ್ರೇನು?"

"ನಂಗ್ಯಾಕ ಬೇಕ್ರಿ? ನನ್ನ ನೀರ ಹೆಂಗಾದ್ರೂ ಇಳೀತೈತಿ. ಹಿಂಗ ಹೋದ್ರೇನು, ಹಂಗ ಹೋದ್ರೇನು."

"ಹೋದ ಸೋಮವಾರ ಎಲ್ಲಿದ್ರಿ?"

"ಹುಬ್ಬಳ್ಳ್ಯಾಗ. ಮಗಳು ದವಾಖಾನಿಯೊಳಗ ಹಡದಾಳ. ಎರಡ ವಾರ ಅಲ್ಲೇ ಇದ್ದೆ. ಕೇಳಿಸ್ರಿ ಬೇಕಾದ್ರ."

"ನಿಮ್ಮ ಹೊಲದ ಚರಿ ಸರಕಾರಿ ಚರಿಗೆ ಕೂಡಿಸೀರಲ್ಲ, ಅದಕ್ಕ ಪರವಾನಗಿ?"

"ಐತ್ರಿ."

"ತೋರಸ್ರಿ."

"ಬಾಯಿಲೆ ಕೊಟ್ಟಾರ."

"ಯಾರು?"

ಶಿದ್ಲಿಂಗಪ್ಪ ಅಡಿಕೆಯ ಹೋಳನ್ನು ಬಾಯಿಗೆ ಹಾಕಿಕೊಂಡ. "ಎಲ್ಲಾರೂ," ಅಂದ.

ಆ ಚರಿಯ ಬಗ್ಗೆ ನೀರಾವರಿ ಇಲಾಖೆಯವರು ಪಿರ್ಯಾದಿ ಕೊಟ್ಟಿರಲಿಲ್ಲ, ಕೊಡುವ ಹಾಗೂ ಕಾಣಲಿಲ್ಲ. ಪಿರ್ಯಾದಿಯಿಲ್ಲದೆ ಪೊಲೀಸರು ಅದಕ್ಕೆ ಕೈ ಹಾಕುವಂತಿಲ್ಲ. ಮಡಿವಾಳೆಪ್ಪ ಅದನ್ನು ಕೇಸ್ ಡೈರಿಯಲ್ಲಿ ಬರೆದ, ಅಷ್ಟೆ. ಹುಬ್ಬಳ್ಳಿಯ ದವಾಖಾನೆಗೆ ಫೋನು ಮಾಡಿಸಿದಾಗ ಮಗಳು ಹಡೆದದ್ದೂ ನಿಜ, ಅಪ್ಪ ಎರಡು ವಾರ ಅಲ್ಲಿದ್ದದ್ದೂ ನಿಜ ಎಂದು ತಿಳಿಯಿತು.

ಸಂಜೆ ಚಹಾದಂಗಡಿಯ ತಗಡಿನ ಕೆಳಗೆ ಇಬ್ಬರೂ ಕುಳಿತಾಗ ಜಮಾದಾರ ಕೇಳಿದ. "ಸಾಹೇಬ್ರ, ಸೋಮವಾರಂತ ನಿಮಗ ಹೆಂಗ ಗೊತ್ತಾತ್ರಿ?"

"ಇಪ್ಪತ್ತು ಮಾರು ಚರಿ ಕಡೀಬೇಕಾದ್ರ ಇಡೀ ಹಗಲ ಬೇಕು, ಒಂದಲ್ಲ, ಎರಡು. ಹೊಲದಾಗ ದಿನಾ ಮಂದಿ ಇರ್ತಾರ. ಯಾರೂ ನೋಡಿಲ್ಲ ಅಂದ್ರ, ಯಾರೂ ಹೊಲಕ್ಕ ಹೋಗದ ದಿನಾನ ಆಗಿರಬೇಕು."

ಜಮಾದಾರ ತಲೆಯಾಡಿಸಿದ. ಸೋಮವಾರ ಬಸವಣ್ಣನಿಗೆ ರಜೆ. ಆ ದಿನ ಲಿಂಗವಂತರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಊರಿಗೆ ಊರೇ ಮನೆಯಲ್ಲಿರುತ್ತದೆ.

"ಸೋಮವಾರ ಕಡದಾಂವ ಲಿಂಗವಂತ ಆಗಿರಾಕ ಇಲ್ಲ ಅಂತೀರೇನ್ರಿ?"

"ಎತ್ತ ಹೂಡಿಲ್ಲಲ್ಲ, ಕೈಲೆ ಕಡದಾನ. ಅದೂ ಅಲ್ಲದ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕಾಯಿ ಒಡದಾನ. ಮಹಬೂಬಸಾಬ್ರ, ಇಷ್ಟ ವರ್ಷ ಕಳ್ಳರನ ಹಿಡದೀರಿ. ಕಾಯಿ ಒಡದು ಕಳವು ಮಾಡಿದಾಂವನ ನೋಡೀರೇನು?"

"ಇಲ್ರಿ."

"ಇಂವ ಕಳ್ಳ ಅಲ್ಲ. ಪರವಾನಗಿ ಸಿಕ್ಕೈತಿ ಅಂತ ತಿಳಕೊಂಡು ಮಾಡ್ಯಾನ."

ಹೇಳಿ ಮುಗಿಸಿದ ಮೇಲೆ ಅವನಿಗೇ ಅಂಜಿಕೆಯಾಯಿತು. ಕಳ್ಳನನ್ನು ಹಿಡಿಯುವುದು ಸುಲಭದ ಕೆಲಸ. ತಾನು ತಪ್ಪು ಮಾಡಿಲ್ಲ ಎಂದು ನಂಬಿದವನನ್ನು ಹಿಡಿದು ಏನು ಹೇಳಬೇಕು ಎಂದು ಯಾವ ಟ್ರೇನಿಂಗಿನಲ್ಲೂ ಕಲಿಸಿರಲಿಲ್ಲ.

ಮರುದಿನ ಶನಿವಾರ ಬಸಿಗಾಲುವೆಗಳನ್ನು ನೋಡಿಕೊಳ್ಳುವ ಕಚೇರಿಗೆ ಹೋದ. ಎಂಜಿನಿಯರ್ ಸಾಹೇಬರು ಮೈಸೂರು ಕಡೆಯವರು. ವರ್ಗವಾಗಿ ಬಂದು ವರ್ಷವಾಗಿತ್ತು. ರೊಟ್ಟಿ ಇನ್ನೂ ಒಗ್ಗಿರಲಿಲ್ಲ. ಕೆಟ್ಟ ಮನುಷ್ಯರಲ್ಲ. ಎದ್ದು ಕುರ್ಚಿ ಎಳೆದು ಕೊಟ್ಟರು.

"ಪರ್ಮಿಷನ್ನಾ? ನಾನು ಯಾರಿಗೂ ಕೊಟ್ಟಿಲ್ಲ ಇನ್‌ಸ್ಪೆಕ್ಟರೇ. ಚರಿಯ ದಿಕ್ಕು ಬದಲಾಯಿಸೋದು ಅಂದ್ರೆ ಹುಡುಗಾಟವಾ? ಓವರ್‌ಸಿಯರ್ ರಿಪೋರ್ಟ್ ಆಗಬೇಕು, ಕೆಳಗಿನ ಜಮೀನಿನವರ ಒಪ್ಪಿಗೆ ಬೇಕು, ರೆವಿನ್ಯೂದವರ ಜೊತೆ ಜಂಟಿ ತಪಾಸಣೆ ಆಗಬೇಕು. ಆಮೇಲೆ ಮೇಲಿನ ಆಫೀಸಿಗೆ ಹೋಗಿ ಮಂಜೂರಾಗಿ ಬರಬೇಕು."

"ಗುಂಡಗಟ್ಟಿಯವರು ಯಾರಾದ್ರೂ ಕೇಳಿದ್ರೇನ್ರಿ?"

"ಒಬ್ಬ ಯಜಮಾನರು ಬರ್ತಿದ್ರು. ಚರಿಯ ಪಕ್ಕದಲ್ಲಿ ಹೆಂಡತಿ ಸಮಾಧಿ ಇದೆ, ನೀರು ನುಗ್ಗುತ್ತೆ, ಸ್ವಲ್ಪ ಆಚೆ ಸರಿಸಿಕೊಡಿ ಅಂತ. ಅರ್ಜಿ ತಗೊಂಡಿದ್ದೀವಿ. ಜಂಟಿ ತಪಾಸಣೆಗೆ ರೆವಿನ್ಯೂದವರು ಬಂದಿಲ್ಲ. ಅವರು ಬಂದ ದಿನ ನಮ್ಮ ಓವರ್‌ಸಿಯರ್ ಇರ್ಲಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಗಳೇ ಒಬ್ಬರಿಗೊಬ್ಬರು ಸಿಕ್ಕಿರಲಿಲ್ಲ.

"ಕಡೀಕ ಬಂದಾಗ ನೀವು ಏನಂದ್ರಿ?"

"ಏನಂತೀನಿ? ಊಟದ ಹೊತ್ತು. ಬಾಗಿಲಲ್ಲೇ ಕೂತುಬಿಟ್ಟಿದ್ರು. ಹೇಳಿದ್ದನ್ನೇ ಹೇಳ್ತಾರೆ. 'ಆಯ್ತು ಬಿಡಿ, ಆಯ್ತು ಬಿಡಿ' ಅಂತ ಅಂದು ಕಳಿಸಿದೆ. ಪಾಪ, ಕೈ ಮುಗಿದು ಹೋದ್ರು."

ಮಡಿವಾಳೆಪ್ಪನ ಪೆನ್ನು ನಿಂತಿತು.

ಎಂಜಿನಿಯರ್ ಸಾಹೇಬರು ಹೇಳಿದ್ದು ಸಾಕು ಮಾಡಿ ಎಂದು. ಕೇಳಿದವನ ಕಿವಿಗೆ ಬಿದ್ದದ್ದು ಬೇರೆ. ನಮ್ಮ ಕಡೆ ಎತ್ತಿನ ವ್ಯಾಪಾರದಲ್ಲಿ ಟವೆಲಿನ ಕೆಳಗೆ ಕೈ ಹಿಡಿದು ಕಡೆಗೆ ಅನ್ನುವ ಮಾತು 'ಆತ ಬಿಡ್ರಿ'. ಹೆಣ್ಣು ಕೇಳಲು ಬಂದವರಿಗೆ ಹಿರಿಯರು 'ಆತ ಬಿಡ್ರಿ' ಅಂದರೆ ಆ ಹುಡುಗಿ ಅವರ ಮನೆಯವಳು, ಆಮೇಲೆ ಇಂದ್ರನೇ ಬಂದು ಕೇಳಿದರೂ ಇಲ್ಲ. ನಿಮ್ಮ ಕೆಲಸ ಆಯಿತು, ಇನ್ನು ಚಿಂತೆ ಬಿಡಿ, ಅದರ ಭಾರ ನನ್ನದು ಎಂದು ಅದರ ಅರ್ಥ. ಅದಕ್ಕೆ ರುಜು ಬೇಡ, ಸಾಕ್ಷಿ ಬೇಡ. ಎರಡನೆಯ ಸಲ ಕೇಳಿದರೆ ಹೇಳಿದವನಿಗೆ ಅವಮಾನ.

ಫೌಜದಾರ ಇದನ್ನು ವಿವರಿಸಿ ಹೇಳಿದ. ಎಂಜಿನಿಯರ್ ಸಾಹೇಬರ ಮುಖ ಇಳಿದುಹೋಯಿತು.

"ನಾನು ಹಾಗೆ ಅಂದಿಲ್ಲ," ಅಂದರು. ಆಮೇಲೆ, "ಅಂದೆ. ಆದರೆ ಹಾಗಂತ ಅಂದಿಲ್ಲ," ಅಂದರು.

ಅವರ ಹೇಳಿಕೆಯನ್ನು ಮಡಿವಾಳೆಪ್ಪ ಹಾಗೆಯೇ ಬರೆದುಕೊಂಡ: ಸದರಿ ಅರ್ಜಿದಾರನಿಗೆ ಯಾವುದೇ ಪರವಾನಗಿ ನೀಡಿರುವುದಿಲ್ಲ. ಅದು ಸುಳ್ಳಾಗಿರಲಿಲ್ಲ. ಕಾಯಿದೆಯ ಕಿವಿಗೆ ಕೇಳಿಸುವುದೂ ಅಷ್ಟೇ.

ಅರ್ಜಿದಾರನ ಹೆಸರು ಕೇಳುವುದು ಬಾಕಿಯಿತ್ತು, ಕೇಳಿದ. ಕೇಳುವ ಮೊದಲೇ ಆ ತರಚಿದ ಬೆರಳುಗಳು ಅವನ ಕಣ್ಣ ಮುಂದೆ ಬಂದಿದ್ದವು.

ಮಧ್ಯಾಹ್ನ ಮಳೆ ಬಿಟ್ಟಿತ್ತು. ಅಂದಾನೆಪ್ಪ ತನ್ನ ಹೊಲದ ಮೂಲೆಯಲ್ಲಿ ಬದುವಿನ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಸಲಿಕೆ. ಮುಂದೆ ಹೆಂಡತಿಯ ಸಮಾಧಿಯ ಚಿಕ್ಕ ಮಣ್ಣಿನ ಕಟ್ಟೆ, ಅದರ ಮೇಲೆ ಲಿಂಗದ ಗುರುತಿನ ಕಲ್ಲು. ಕಟ್ಟೆಯ ಒಂದು ಬದಿ ಹಳೆಯ ಚರಿಯ ಕಡೆಗೆ ಕುಸಿದಿತ್ತು. ಕುಸಿದಲ್ಲೆಲ್ಲ ಹಿಡಿ ಹಿಡಿ ಮಣ್ಣು ತಂದು ಮೆತ್ತಿದ ಗುರುತು.

"ಬರ್ರಿ ಸಾಹೇಬ್ರ. ಇಲ್ಲಿ ಕುಂದರ್ರಿ, ಒಣಾ ಐತಿ."

ಫೌಜದಾರ ಕುಳಿತ. ಜಮಾದಾರ ನಿಂತೇ ಇದ್ದ.

"ಆ ಚರಿ ಯಾರ ಕಡದ್ರು?"

"ನಾನ ಕಡದೇನ್ರಿ."

"ನಿನ್ನಿ ಕೇಳಿದಾಗ ಯಾಕ ಹೇಳಲಿಲ್ಲ?"

"ಕಳವಿಲೆ ಕಡದಾಂವ ಯಾರು ಅಂತ ಕೇಳಿದ್ರಿ. ನಾ ಕಳವಿಲೆ ಕಡದಿಲ್ಲಲ್ರಿ. ಸಾಹೇಬ್ರು 'ಆತ ಬಿಡ್ರಿ' ಅಂದ್ರು. ಶಿವನ ವಾರ ನೋಡಿ, ಕಾಯಿ ಒಡದು ಚಾಲೂ ಮಾಡಿದೆ. ಎರಡ ಸೋಮವಾರ ಹಿಡೀತು."

"ಊರಾಗ ಯಾರಿಗೆ ಗೊತ್ತಿತ್ತು?"

"ಕಾಯಿ ಹೋಳ ಊರಾಗಿನ ಎಲ್ಲಾರ ಮನೀಗೂ ಕೊಟ್ಟೇನ್ರಿ."

ಜಮಾದಾರ ಕೆಮ್ಮಿದ. ನಿನ್ನೆ ಆ ಹೊಲದಲ್ಲಿ ನೆಲ ನೋಡುತ್ತ ನಿಂತವರೆಲ್ಲ ಆ ಪ್ರಸಾದ ತಿಂದವರು. ಮಾತು ಬಾಯಿಗೆ ಬಂದರೂ ನುಂಗಿಕೊಂಡಿದ್ದರು.

"ನೀರ ರಹೀಮಾಬಿ ಮನೀ ಹಿಂದ ಹೋಗತೈತಿ ಅಂತ ಗೊತ್ತಿತ್ತಿಲ್ಲೋ?"

"ಗೊತ್ತಿತ್ರಿ. ನಮ್ಮಜ್ಜನ ಕಾಲಕ್ಕ ಅಲ್ಲೇ ಹರೀತಿತ್ತು, ಯಾರಿಗೂ ಏನೂ ಆಗಿದ್ದಿಲ್ಲ. ಆಗ ಮ್ಯಾಲಿಂದ ಇಷ್ಟ ನೀರ ಬರ್ತಿದ್ದಿಲ್ಲ, ಅದನ್ನ ನಾ ವಿಚಾರ ಮಾಡ್ಲಿಲ್ಲ." ಅವನು ಮೇಲಿನ ಹೊಲದ ಕಡೆ ಒಮ್ಮೆ ನೋಡಿದ. "ಕೆಳಗಿನವ್ರ ಒಪ್ಪಿಗಿ ಬೇಕಂತ ಕಚೇರ್ಯಾಗ ಅಂದಿದ್ರು. ಇಮಾಮುದ್ದೀನ ಮನ್ಯಾಗ ಇದ್ದಿದ್ದಿಲ್ಲ, ರಹೀಮಾಬಿಗೆ ಕೇಳಿದೆ. ಆಕೀನೂ ನನ್ನ ಹೆಂಡ್ತಿ ನೀಲಕ್ಕನೂ ಒಂದ ಓಣ್ಯಾಗ ಆಡಿ ಬೆಳದವ್ರು. ಏನಂದ್ಲು ಗೊತ್ತೈತೇನ್ರಿ? 'ಆತ ಬಿಡೋ ಅಂದಾನಿ, ನೀಲಿ ನೀರಾಗ ಕುಂದ್ರೂದು ಬ್ಯಾಡ. ನನ್ನ ಹಿತ್ತಲಕ ಬಂದ್ರ ಬರಲಿ' ಅಂದ್ಲು."

ಅವನು ಒಂದು ಹಿಡಿ ಮಣ್ಣು ತೆಗೆದು ಕಟ್ಟೆಗೆ ಮೆತ್ತಿದ.

"ಆಕೀನ ಮಣ್ಣಾಗಿಂದ ಎತ್ತುವಾಗ ತಿಳೀತ್ರಿ, ಇದು ನಾ ಬಿಟ್ಟ ನೀರು ಅಂತ. ಆ ಮ್ಯಾಲ ಬಾಯಿ ಬರಲಿಲ್ಲ."

"ಇಷ್ಟೆಲ್ಲಾ ಯಾಕ ಮಾಡಿದ್ಯೋ ಯಜಮಾನ? ಇನ್ನಷ್ಟ ದಿನ ಕಾಯಬಾರದಿತ್ತೇನು?"

"ಎರಡ ಮಳಿಗಾಲ ಕಾದ್ನಲ್ರಿ. ನಮ್ಮ ಮಂದೀನ ನಾವು ಮಲಗಿಸಿ ಹುಗಿಯೂದಿಲ್ಲ, ನಿಮಗೂ ಗೊತ್ತೈತಿ. ಕೈಯಾಗ ಲಿಂಗ ಕೊಟ್ಟು ಕುಂದರಸ್ತೀವಿ. ನಾ ನನ್ನ ಕೈಲೇ ಕುಂದರಿಸೇನಿ. ಆಕಿ ಕುಂತ ಮ್ಯಾಲ ಬಂತ್ರಿ ಚರಿ, ಮೊದ್ಲ ಅಲ್ಲ. ಹೋದ ವರ್ಷ ನೀರ ಒಳಗ ಹೊಕ್ಕು ಮಣ್ಣ ಇಳೀತು. ಕೈ ಹಾಕಿ ನೋಡಿದೆ. ಆಕಿ ಒಂದ ಕಡೆ ವಾಲಿದ್ಲು."

ಮಡಿವಾಳೆಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನ ತಾಯಿಯೂ ಮಿಶ್ರಿಕೋಟಿಯ ಹೊಲದ ಮೂಲೆಯಲ್ಲಿ ಹಾಗೆಯೇ ಕುಳಿತಿದ್ದಳು.

ಮಧ್ಯಾಹ್ನ ಮೂರೂವರೆಗೆ ದಸ್ತಗಿರಿ ಮಾಡಿದ. ಸಲಿಕೆಯನ್ನು ಬೇರೆ ಪಂಚರ ಸಮಕ್ಷಮ ಜಪ್ತಿ ಮಾಡಿದರು. ಬೇಡಿ ಹಾಕಲಿಲ್ಲ. ಅಂದಾನೆಪ್ಪ ಕಟ್ಟೆಗೆ ಹಣೆ ಹಚ್ಚಿ ಎದ್ದು ನಿಂತ. ಎರಡು ಹೆಜ್ಜೆ ಹೋದವನು ತಿರುಗಿದ.

"ಸಾಹೇಬ್ರ, ಆ ಹೊಸಾ ಚರಿ ಈಗ ಮುಚ್ಚತಾರಲ್ರಿ?"

"ಮುಚ್ಚಬೇಕಾಗತೈತಿ. ಇಮಾಮುದ್ದೀನನ ಮನ್ಯಾಗ ಮಕ್ಕಳು ಅದಾವು."

"ಮುಚ್ಚಲಿ, ನ್ಯಾಯ ಐತಿ. ನೀರ ಮತ್ತ ಇತ್ತ ಬರತೈತಿ. ಬರೂದ್ರಾಗ ಆಕೀ ಬಾಜೂಕ ನಾಕ ಕಲ್ಲ ನಿಲ್ಲಸ್ತೀರೇನ್ರಿ? ನಾಕ ಸಾಕು."

ಚರಿಯ ದಂಡೆಗೆ ನಾಲ್ಕು ಕಲ್ಲು ನಿಲ್ಲಿಸುವುದೂ ಚರಿಯನ್ನು ಬದಲಾಯಿಸಿದಂತೆ. ಅದಕ್ಕೂ ಅರ್ಜಿ, ಅದಕ್ಕೂ ತಪಾಸಣೆ. ಬೆಳಿಗ್ಗೆ ತಾನೇ ಎಲ್ಲ ಕೇಳಿಕೊಂಡು ಬಂದಿದ್ದ ಮಡಿವಾಳೆಪ್ಪನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಎದುರಿಗೆ ಒಬ್ಬ ಮುದುಕ ಕೈ ಮುಗಿದು ನಿಂತಿದ್ದ, ಅಣ್ಣಿಗೇರಿಗೆ ಹೋಗುವ ಬಸ್ಸಿನ ಹೊತ್ತಾಗುತ್ತಿತ್ತು, ಏನಾದರೂ ಹೇಳಬೇಕಿತ್ತು. ಹುಟ್ಟಿದಾಗಿನಿಂದ ಬಾಯಿಯಲ್ಲಿದ್ದ ಮಾತು ತಾನಾಗಿ ಹೊರಗೆ ಬಂತು.

"ಆತ ಬಿಡ್ರಿ," ಅಂದ.

ಅಂದಾನೆಪ್ಪನ ಮುಖ ಹಗುರಾಯಿತು. ಮತ್ತೆ ಹಿಂದಿರುಗಿ ನೋಡದೆ ಜಮಾದಾರನ ಮುಂದೆ ಮುಂದೆ ನಡೆದ. ಫೌಜದಾರನಿಗೆ ಮಾತ್ರ ಕಾಲು ಕೀಳಲಿಕ್ಕೇ ಆಗಲಿಲ್ಲ. ಕೆಸರು ನೆಪ.

ರವಿವಾರ ಬೆಳಿಗ್ಗೆ ಇಮಾಮುದ್ದೀನ ಠಾಣೆಗೆ ಬಂದ. ಈ ಸಲ ಕಾಲು ತೊಳೆದುಕೊಂಡು ಬಂದಿದ್ದ.

"ಪಿರ್ಯಾದಿ ವಾಪಸ್ ಕೊಡ್ರಿ ಸಾಹೇಬ್ರ. ಅಂದಾನಿ ಕಾಕಾ ಅಂತ ಗೊತ್ತಿದ್ರ ನಾ ಬರ್ತಿದ್ದಿಲ್ಲ."

"ಬರೂದಿಲ್ಲೋ ತಮ್ಮಾ. ಮನಷ್ಯಾ ಸತ್ತ ಕೇಸು. ಇದು ಈಗ ನಿಂದಲ್ಲ, ಸರಕಾರದ್ದು."

"ಅವ್ವ ನಂದಲ್ರಿ?"

ಇಮಾಮುದ್ದೀನ ಲಾಕಪ್ಪಿನ ಸರಳಿನ ಹತ್ತಿರ ಹೋಗಿ ಕುಳಿತ. ಒಳಗಿದ್ದವನೂ ಎದ್ದು ಬಂದು ಅಲ್ಲೇ ಕುಳಿತ. ಜಮಾದಾರ ಅವರಿಬ್ಬರಿಗೂ ಚಹಾ ತರಿಸಿ ಕೊಟ್ಟ.

ಅದೇ ಮಧ್ಯಾಹ್ನ, ಇಪ್ಪತ್ತನಾಲ್ಕು ತಾಸು ತುಂಬುವ ಮೊದಲು, ಆರೋಪಿಯನ್ನು ನವಲಗುಂದದ ಮ್ಯಾಜಿಸ್ಟ್ರೇಟರ ಮನೆಯಲ್ಲೇ ಹಾಜರುಪಡಿಸಿ ಕಸ್ಟಡಿಗೆ ಕಳಿಸಿದರು. ಸೋಮವಾರ ಮಡಿವಾಳೆಪ್ಪ ಬಸಿಗಾಲುವೆಯ ಕಚೇರಿಗೆ ಪತ್ರ ಬರೆದ: ಚರಿಯನ್ನು ಮೂಲ ಸ್ಥಿತಿಗೆ ತರುವ ಮುನ್ನ ಸಮಾಧಿಯ ಬದಿಗೆ ನಾಲ್ಕು ಕಲ್ಲು ನಿಲ್ಲಿಸಲು ಅನುಮತಿ ಕೊಡಬೇಕು. ವಾರದೊಳಗೆ ಉತ್ತರ ಬಂತು. ಎಂಜಿನಿಯರ್ ಸಾಹೇಬರು ಈ ಸಲ ಒಂದು ಮಾತನ್ನೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿರಲಿಲ್ಲ. ದಂಡೆಯ ಯಾವುದೇ ಬದಲಾವಣೆಗೆ ಜಮೀನಿನ ಮಾಲೀಕನೇ ಖುದ್ದು ಹಾಜರಾಗಿ ಅರ್ಜಿ ಸಲ್ಲಿಸತಕ್ಕದ್ದು. ಸ್ಥಳವು ಅಪರಾಧದ ಸ್ಥಳವಾದ್ದರಿಂದ ತನಿಖಾಧಿಕಾರಿಗಳು ಅಲ್ಲಿ ಏನನ್ನೂ ಇಡತಕ್ಕದ್ದಲ್ಲ, ತೆಗೆಯತಕ್ಕದ್ದಲ್ಲ. ಮಾಲೀಕ ಜೈಲಿನಲ್ಲಿದ್ದ. ಅವನನ್ನು ಅಲ್ಲಿಗೆ ಕಳಿಸಿದವನೇ ಆ ಪತ್ರವನ್ನು ಓದುತ್ತಿದ್ದ.

"ಕಲ್ಲ ನಾ ತರ್ತೇನಿ, ಹೋಗೂಣು ಬರ್ರಿ," ಅಂದ ಮಹಬೂಬಸಾಬ.

"ತಂದು ನಿಲ್ಲಿಸಿದ್ವಿ ಅಂದ್ರ, ವಕೀಲ ಎದ್ದು ಕೇಳ್ತಾನ. ಪೊಲೀಸ್ರು ಪರವಾನಗಿ ಇಲ್ಲದ ಮಾಡಿದ್ದು ಗುನ್ಹೆ ಅಲ್ಲ, ಮುದುಕ ಮಾಡಿದ್ದು ಗುನ್ಹೆ ಹೆಂಗ ಅಂತ."

"ಕೇಳ್ಲಿ ಬಿಡ್ರಿ."

ಮಡಿವಾಳೆಪ್ಪ ಪತ್ರವನ್ನು ಮಡಚಿ ಕೇಸ್ ಡೈರಿಯೊಳಗಿಟ್ಟ. ಹೋಗಬೇಕು ಎಂದು ರಾತ್ರಿ ಅನ್ನಿಸುತ್ತಿತ್ತು, ಬೆಳಿಗ್ಗೆ ಪಟ್ಟಿ ಟೋಪಿ ಹಾಕಿಕೊಂಡಾಗ ಆಗುತ್ತಿರಲಿಲ್ಲ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಇಲಾಖೆಯ ಆಳುಗಳು ಬಂದು ಒಡ್ಡು ಕಿತ್ತು ಹೊಸ ಚರಿ ಮುಚ್ಚಿ ಹೋದರು. ಎರಡು ದಿನಕ್ಕೆ ಹಸ್ತದ ಮಳೆ ಹಿಡಿಯಿತು. ಶಿದ್ಲಿಂಗಪ್ಪನ ಮೆಣಸಿನಕಾಯಿ ಹೊಲದ ನೀರೆಲ್ಲ ಎಂದಿನಂತೆ ಇಳಿದು ಬಂತು. ಮಳೆ ಬಿಟ್ಟ ಮೇಲೆ ಫೌಜದಾರ ಒಬ್ಬನೇ ಗುಂಡಗಟ್ಟಿಗೆ ಹೋದ. ಹೊಲದ ಮೂಲೆಯಲ್ಲಿ ಕಟ್ಟೆ ಇರಲಿಲ್ಲ. ಚರಿಯ ದಂಡೆ ಅಲ್ಲಿ ಒಂದಿಷ್ಟು ಒಳಕ್ಕೆ ಸರಿದಿತ್ತು. ಲಿಂಗದ ಗುರುತಿನ ಕಲ್ಲು ನೀರಿನೊಳಗೆ ಕಾಣುತ್ತಿತ್ತು. ಅದನ್ನು ಎತ್ತಿ ಬದುವಿನ ಮೇಲಿಟ್ಟು ಬಂದ. ಪರವಾನಗಿ ಕೇಳಲಿಲ್ಲ.

ನವೆಂಬರಿನಲ್ಲಿ ದೋಷಾರೋಪ ಪಟ್ಟಿ ಸಲ್ಲಿಸಿದಾಗ ಕೋರ್ಟಿನಲ್ಲಿ ಅಂದಾನೆಪ್ಪ ಸಿಕ್ಕ. ತೆಳ್ಳಗಾಗಿದ್ದ, ಬೆರಳಿನ ಗಾಯ ಮಾದಿದ್ದವು. ತಪ್ಪು ಒಪ್ಪುತ್ತೀಯಾ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಚರಿ ಕಡಿದದ್ದು ನಾನೇ ಅಂದ. ಪರವಾನಗಿ ಇತ್ತೇನು ಅಂದರು. ಇತ್ತು ಅಂತ ತಿಳಿದಿದ್ದೆ ಅಂದ. ಗುಮಾಸ್ತ ಇಲ್ಲ ಎಂದು ಬರೆದುಕೊಂಡ.

ಹೊರಗೆ ಕರೆದುಕೊಂಡು ಹೋಗುವಾಗ ಅವನು ಫೌಜದಾರನ ಮುಂದೆ ನಿಂತ. ಮಡಿವಾಳೆಪ್ಪ ಹೇಳಬೇಕೆಂದು ಎರಡು ತಿಂಗಳಿಂದ ಕೂಡಿಸಿಟ್ಟುಕೊಂಡಿದ್ದ ಮಾತುಗಳನ್ನು ಹುಡುಕಿದ. ಅಂದಾನೆಪ್ಪ ಕೈ ಮುಗಿದು, "ಆರಾಮ ಅದೀರೇನ್ರಿ ಸಾಹೇಬ್ರ?" ಅಂದ. ಮಳೆ ಬೆಳೆ ಹೇಗಿದೆ ಎಂದು ಕೇಳಿದ. ಇಮಾಮುದ್ದೀನನ ಗೋಡೆ ಎದ್ದಿತೇ ಎಂದು ಕೇಳಿದ.

ಕಲ್ಲು ನಿಲ್ಲಿಸಿದಿರಾ ಎಂದು ಮಾತ್ರ ಕೇಳಲಿಲ್ಲ. 'ಆತ ಬಿಡ್ರಿ' ಅಂದ ಮೇಲೆ ನಮ್ಮ ಕಡೆ ಯಾರೂ ಎರಡನೆಯ ಸಲ ಕೇಳುವುದಿಲ್ಲ.